ವೈಜ್ಞಾನಿಕ ಕಥೆಗೆ ಯಾವ ತಂತ್ರಜ್ಞಾನ ಆರಿಸಿಕೊಳ್ಳಲಿ? ಅದನ್ನು ಬಿಡಿ, ಜಗಳ ಆಡುವವರನ್ನು ಹುಡುಕಿ

ಕೊಪ್ಪಳದಲ್ಲಿ ಇಂಜಿನಿಯರಿಂಗ್ ಓದುತ್ತಿದ್ದೀರಿ. ತಂತ್ರಜ್ಞಾನ ಸಾಮಾನ್ಯ ಜನರನ್ನು ಏನು ಮಾಡುತ್ತದೆ ಅಂತ ಕನ್ನಡದಲ್ಲಿ ವೈಜ್ಞಾನಿಕ ಕಥೆ ಬರೆಯಬೇಕು. ರೋಬೋಟ್ ತರಲಾ, ಎಐ ತರಲಾ? ನಮ್ಮ ಕಡೆ ನಡೆಯುವ ಹಾಗೆ ಬರೆದರೆ ಯಾರೂ ನಂಬುವುದಿಲ್ಲ, ಬೆಂಗಳೂರಿಗೆ ಒಯ್ಯಲಾ? ಇದು ನಿಮ್ಮ ಪ್ರಶ್ನೆ. ನಾನೂ ಇದನ್ನೇ ಕೇಳಿಕೊಂಡು, ನಾನೇ ಒಂದು ಉತ್ತರ ಹುಡುಕಿಕೊಂಡಿದ್ದೆ. ಅದರ ಖರ್ಚು ಕೊಟ್ಟವರು ನಮ್ಮ ಸೋದರಮಾವ.

ನಮ್ಮೂರು ರಾಯಚೂರು ಜಿಲ್ಲೆಯ ಸಿರವಾರ ತಾಲ್ಲೂಕಿನಲ್ಲಿದೆ. ತುಂಗಭದ್ರಾ ಎಡದಂಡೆ ಕಾಲುವೆಯ ಕೆಳಭಾಗ. ಕಾಲುವೆ ಮುನಿರಾಬಾದ್ ಹತ್ತಿರ ಡ್ಯಾಮಿನಿಂದ ಹೊರಟು 141 ಮೈಲಿ ಹರಿಯುತ್ತದೆ. ಎಲ್ಲ ಕಡೆ ಕಿಲೋಮೀಟರ್ ಬಂದರೂ ಕಾಲುವೆ ವಿಷಯಕ್ಕೆ ನಮ್ಮವರು ಇನ್ನೂ ಮೈಲಿಯಲ್ಲೇ ಮಾತಾಡುತ್ತಾರೆ. 69ನೇ ಮೈಲಿನಲ್ಲಿ ಗೇಜ್ (ನೀರಿನ ಮಟ್ಟ) ಎಷ್ಟಿದೆ, 104ರಲ್ಲಿ ಎಷ್ಟಿದೆ ಅಂತ ಚಹಾ ಅಂಗಡಿಯಲ್ಲಿ ಕೇಳುವುದು ಇಲ್ಲಿ ಮಾಮೂಲು. ಈ ಕಾಲುವೆ ಮಾಡಿದ್ದು ಹೆಚ್ಚಾಗಿ ಅರೆ ನೀರಾವರಿ ಬೆಳೆಗೆ, ಅಂದರೆ ಕಡಿಮೆ ನೀರು ಸಾಕಾಗುವ ಬೆಳೆಗೆ. ಆದರೆ ಮೇಲೆ ಗಂಗಾವತಿ, ಕಾರಟಗಿ, ಸಿಂಧನೂರು ಕಡೆ ಎಲ್ಲಿ ನೋಡಿದರೂ ಭತ್ತ. ರಾತ್ರಿ ಪೈಪು ಇಳಿಯುತ್ತವೆ, ಮೋಟಾರು ಓಡುತ್ತವೆ. ಕಾಲುವೆ ದಂಡೆಗೆ ಪೊಲೀಸರನ್ನು ಹಾಕಿ 144 ಜಾರಿ ಮಾಡಿದ ವರ್ಷಗಳೂ ಇವೆ. ನಮ್ಮ ತನಕ ನೀರು ಬರುವ ಹೊತ್ತಿಗೆ ಕಾಲುವೆಯಲ್ಲಿ ಮೊಣಕಾಲು ಮುಳುಗುವುದೂ ಕಷ್ಟ.

ನಾನು ಆಗ ಬಿಎಸ್ಸಿ ಹುಡುಗ. ಕೈಗೆ ಸಿಕ್ಕ ವೈಜ್ಞಾನಿಕ ಕಥೆಗಳನ್ನೆಲ್ಲ ಓದಿ ತಲೆ ತುಂಬಿತ್ತು. ಊರ ಜಾತ್ರೆಗೆ ಪ್ರತಿ ವರ್ಷ ಒಂದು ಸಾಮಾಜಿಕ ನಾಟಕ ಆಡುತ್ತಿದ್ದರು: ಅತ್ತೆ ಸೊಸೆ, ಗೌಡನ ದರ್ಪ, ಕುಡುಕ ಗಂಡ. ಈ ಸಲ ಬೇರೆ ಏನಾದರೂ ಮಾಡೋಣ ಅಂದೆ. ಭವಿಷ್ಯದ ನಾಟಕ. ಇಡೀ ಎಡದಂಡೆ ಕಾಲುವೆಯ ಗೇಟುಗಳನ್ನೆಲ್ಲ ಡ್ಯಾಮಿನ ಹತ್ತಿರ ಕೂತ ಒಂದು ಕಂಪ್ಯೂಟರ್ ನಡೆಸುತ್ತದೆ. ಒಂದು ದಿನ ಅದು ಲೆಕ್ಕ ಹಾಕಿ, ಕೆಳಭಾಗಕ್ಕೆ ನೀರು ಬಿಡುವುದು ನಷ್ಟ ಅಂತ ತೀರ್ಮಾನಿಸಿ ಗೇಟು ಮುಚ್ಚುತ್ತದೆ. ರೈತರು ಅಳುತ್ತಾರೆ. ಬೆಂಗಳೂರಿನಿಂದ ಒಬ್ಬ ವಿಜ್ಞಾನಿ ಬಂದು ಕಂಪ್ಯೂಟರನ್ನು ಸೋಲಿಸುತ್ತಾನೆ. ಕೈಯೆತ್ತಿ ಭಾಷಣ, ಪರದೆ.

ತಯಾರಿಯಲ್ಲಿ ನನಗೆ ಸೋಮಾರಿತನ ಇರಲಿಲ್ಲ. ಗೇಟಿಗೆ ಮೋಟಾರು ಹೇಗೆ ಕೂರಿಸುತ್ತಾರೆ, ಹರಿಯುವ ನೀರನ್ನು ಶಬ್ದದ ಅಲೆಗಳಿಂದ ಹೇಗೆ ಅಳೆಯುತ್ತಾರೆ, ಎಲ್ಲ ಓದಿದ್ದೆ. ಮುಂದೆ ಕೃಷ್ಣಾ ನದಿಯ ನಾರಾಯಣಪುರ ಎಡದಂಡೆ ಕಾಲುವೆಗೆ ನಿಜವಾಗಿಯೂ ಸ್ಕಾಡಾ ಗೇಟುಗಳು ಬಂದವು. ದೂರದಲ್ಲಿ ಕೂತು ತೆರೆದು ಮುಚ್ಚುವ ವ್ಯವಸ್ಥೆ. ಸುದ್ದಿ ಓದಿ, ನೋಡ್ರಿ ನಾನು ಮೊದಲೇ ಹೇಳಿದ್ದೆ ಅಂತ ಎದೆ ಉಬ್ಬಿಸಿಕೊಂಡು ತಿರುಗಿದೆ. ಯಾರಿಗೂ ಅದು ನೆನಪಿರಲಿಲ್ಲ. ಇರಬೇಕಾಗಿಯೂ ಇರಲಿಲ್ಲ.

ಸೀನ್ಸ್ ಬಾಡಿಗೆ, ಮೈಕ್ ಸೆಟ್, ಪೆಂಡಾಲು, ಹಾರ್ಮೋನಿಯಂ ಮಾಸ್ತರು, ಹೊರಗಿನಿಂದ ಕರೆಸಿದ ಪಾತ್ರಧಾರಿಣಿ, ಎಲ್ಲಕ್ಕೂ ಮಾವ ಭತ್ತ ಮಾರಿದ ದುಡ್ಡು ಕೊಟ್ಟಿದ್ದರು. ಎಣ್ಣೆ ಡಬ್ಬಿ ಕತ್ತರಿಸಿ, ಸೀರಿಯಲ್ ಲೈಟು ಸುತ್ತಿ ಕಂಪ್ಯೂಟರ್ ಮಾಡಿದ್ದೆವು. ಅದು ವೇದಿಕೆಗೆ ಬಂದಾಗ ಜನ ಸಿಳ್ಳೆ ಹಾಕಿದರು. ಅಲ್ಲಿಗೆ ಮುಗಿಯಿತು. ಎರಡನೇ ಅಂಕದಲ್ಲಿ ಹೆಣ್ಣುಮಕ್ಕಳು ಮಲಗಿದ ಮಕ್ಕಳನ್ನು ಎತ್ತಿಕೊಂಡು ಎದ್ದರು. ಹಿಂದಿನಿಂದ ಯಾರೋ ಹಾಡು ಹೇಳಿಸ್ರೋ ಅಂದರು. ವಿಜ್ಞಾನಿಯ ಭಾಷಣ ಬರುವ ಹೊತ್ತಿಗೆ ಮುಂದೆ ಕೂತವರು ನಟರ ಮನೆಯವರು ಮತ್ತು ನಮ್ಮ ಮಾವ.

ಮರುದಿನ ಮಾವ ಬೈಯಲಿಲ್ಲ. “ಅಳಿಯಾ, ಒಂದು ತಿಳೀಲಿಲ್ಲ ನನಗ. ನಿನ್ನ ನಾಟಕದಾಗ ಕಾಲುವಿ ಮ್ಯಾಲ ಒಬ್ಬ ಮನಷ್ಯಾನೂ ಇಲ್ಲ. ನೀರು ಬರಲಿಲ್ಲಂದ್ರ ನಾ ಯಾರ ಕೂಡ ಜಗಳಾ ಆಡಬೇಕು?”

ಆಗ ನನಗೆ ಇದು ಹಳ್ಳಿಯವರ ಪ್ರಶ್ನೆ ಅನ್ನಿಸಿತು. ವಿಜ್ಞಾನ ಗೊತ್ತಿಲ್ಲದವರಿಗೆ ಇಂಥ ನಾಟಕ ಆಡಿದ್ದೇ ತಪ್ಪು ಅಂದುಕೊಂಡೆ. ಆಮೇಲೆ ಭಾಷೆ ಪುಸ್ತಕದ್ದಾಯಿತು ಅಂದುಕೊಂಡೆ. ಆಮೇಲೆ ಹಾಡು ಹಾಕಬೇಕಿತ್ತು ಅಂತ. ಇದಾವುದೂ ಅಲ್ಲ. ತಪ್ಪು ಮೊದಲ ದೃಶ್ಯದ ಒಂದೇ ಮಾತಿನಲ್ಲಿತ್ತು: “ಇನ್ನು ಮುಂದೆ ಗ್ಯಾಂಗ್‌ಮನ್ ಬೇಕಾಗಿಲ್ಲ.” ಆ ಮಾತನ್ನು ನಾನು ಕಂಪ್ಯೂಟರ್ ಎಷ್ಟು ದೊಡ್ಡದು ಅಂತ ತೋರಿಸುವುದಕ್ಕೆ ಬರೆದಿದ್ದೆ. ಬರೆದು ಮುಂದೆ ಹೋಗಿಬಿಟ್ಟೆ. ನನ್ನ ಕಥೆ ಇದ್ದದ್ದು ಅಲ್ಲೇ.

ಇದನ್ನು ಸ್ವಲ್ಪ ಉದ್ದವಾಗಿ ಹೇಳುತ್ತೇನೆ, ಯಾಕೆಂದರೆ ನೀವೂ ಇಲ್ಲೇ ಎಡವುತ್ತೀರಿ. ಗ್ಯಾಂಗ್‌ಮನ್ ಅಂದರೆ ಕಾಲುವೆ ಮೇಲೆ ತಿರುಗಿ ಗೇಟು ನೋಡಿಕೊಳ್ಳುವವನು, ಕಸ ತೆಗೆಯುವವನು, ದಂಡೆ ಒಡೆದರೆ ಕೂಗುವವನು. ಬಹಳ ಮಂದಿ ಹಂಗಾಮಿ ನೌಕರರು. ಪಗಾರ ಸರಿಯಾಗಿ ಬಾರದೆ ಧರಣಿ ಕೂತವರು. ಕೆಳಭಾಗದ ರೈತನಿಗೆ ಸರ್ಕಾರ ಅಂದರೆ ಅವನೇ. ಅವನಿಗೆ ಚಹಾ ಕುಡಿಸುತ್ತಾರೆ, ಬೈಯುತ್ತಾರೆ, ನಿನ್ನ ತಂಗಿ ಕೊಟ್ಟದ್ದು ನಮ್ಮೂರಿಗೇ ಅಲ್ಲೇನೋ ಅಂತ ನೆನಪಿಸುತ್ತಾರೆ. ಅವನೂ ಸಾಚಾ ಅಲ್ಲ. ಮೇಲಿನವರ ಹತ್ತಿರ ದುಡ್ಡು ತಿಂದು “ಮ್ಯಾಲಿಂದ ಬಂದಿಲ್ರೀ” ಅಂತ ಸುಳ್ಳು ಹೇಳುವವನೂ ಇರುತ್ತಾನೆ. ಆದರೆ ಕೈಗೆ ಸಿಗುತ್ತಾನೆ. ಅರ್ಧ ರಾತ್ರಿಯಲ್ಲಿ ಬೈಕ್ ಹಾಕಿಕೊಂಡು ಹೋದರೆ ಅಲ್ಲಿ ಒಂದು ಮುಖ ಇರುತ್ತದೆ. ನಾನು ಆ ಮುಖವನ್ನು ಒಂದೇ ಮಾತಿನಲ್ಲಿ ಅಳಿಸಿ, ಬದಲಿಗೆ “ರೈತ 1, ರೈತ 2, ರೈತ 3” ಅಂತ ಸಾಲಾಗಿ ನಿಲ್ಲಿಸಿದೆ. ಅವರಿಗೆ ಹೆಸರಿಲ್ಲ. ಅವರ ಕೆಲಸ ಅಳುವುದು. ನಾಟಕ ನೋಡಲು ಬಂದವರೆಲ್ಲ ರೈತ 1, ರೈತ 2. ತಮ್ಮನ್ನೇ ಹೀಗೆ ನಿಲ್ಲಿಸಿದರೆ ಯಾರು ಕೂತು ನೋಡುತ್ತಾರೆ?

ಇನ್ನೊಂದು ಇದೆ. ಇದನ್ನು ಮಾವ ಎಷ್ಟೋ ದಿನದ ಮೇಲೆ, ಗದ್ದೆಯ ಬದುವಿನ ಮೇಲೆ ಕೂತು ಕೇಳಿದರು. “ಆ ನಿನ್ನ ಕಂಪ್ಯೂಟರ್ ಪ್ರಾಮಾಣಿಕ ಇದ್ದಿದ್ರ? ಮ್ಯಾಲಿನವರಿಗೆ ಕದಿಯಾಕ ಬಿಡದಿದ್ರ? ನನಗ ಚಲೋನ ಆಗ್ತಿತ್ತಲ್ಲ?” ನನಗೆ ಮಾತೇ ಬರಲಿಲ್ಲ. ಯಂತ್ರ ಅಂದರೆ ಕೆಟ್ಟದ್ದು ಅಂತ ಮೊದಲೇ ತೀರ್ಮಾನಿಸಿ ಕೂತಿದ್ದೆ. ಕೆಳಭಾಗದ ರೈತನೊಬ್ಬ ಆ ಯಂತ್ರವನ್ನು ಬಯಸಬಹುದು, ಅದಕ್ಕಾಗಿ ಧರಣಿಯನ್ನೂ ಕೂರಬಹುದು ಅಂತ ಹೊಳೆದೇ ಇರಲಿಲ್ಲ. ಈಗ ಕಥೆ ಹೇಗೆ ಬೆಳೆಯುತ್ತದೆ ನೋಡಿ. ಯಂತ್ರ ನ್ಯಾಯವಾಗಿ ನೀರು ಕೊಡುತ್ತದೆ. ಗ್ಯಾಂಗ್‌ಮನ್ ಮನೆಗೆ ಹೋಗುತ್ತಾನೆ. ಒಂದು ವರ್ಷ ಎಲ್ಲ ಸರಿ. ಎರಡನೇ ವರ್ಷ ಒಂದು ಸೆನ್ಸರ್‌ಗೆ ಹೂಳು ಮೆತ್ತಿಕೊಂಡು, ನೀರು ಇಲ್ಲದ ಕಡೆ ಇದೆ ಅಂತ ತೋರಿಸುತ್ತದೆ. ಮಾವ ಓಡುತ್ತಾರೆ. ಯಾರ ಹತ್ತಿರ? ಕಚೇರಿಯ ಹುಡುಗ ಸ್ಕ್ರೀನ್ ತಿರುಗಿಸಿ ತೋರಿಸುತ್ತಾನೆ: “ಅಜ್ಜಾರೇ, ನಿಮ್ಮ ಹೊಲಕ್ಕೆ ನೀರು ಹೋಗೇತಿ.” ಒಣಗಿದ ಹೊಲದ ರೈತ ತನ್ನ ಕಣ್ಣಿಗೇ ಸಾಕ್ಷಿ ತರಬೇಕು. ಇಲ್ಲಿ ವಿಲನ್ ಯಾರೂ ಇಲ್ಲ, ಆದರೂ ಬೆಳೆ ಹೋಯಿತು. ನಾನು ಬರೆಯಬೇಕಾಗಿದ್ದ ನಾಟಕ ಇದು.

ಆ ದುಡ್ಡನ್ನು ಮಾವ ವಾಪಸ್ ಕೇಳಲಿಲ್ಲ. ಮುಂದಿನ ಜಾತ್ರೆಗೆ ಪೌರಾಣಿಕ ಆಡಿದರು. ನಾನು ತುಂಬಾ ವರ್ಷ ಏನೂ ಬರೆಯಲಿಲ್ಲ.

ದೊಡ್ಡವರು ಇದನ್ನು ಯಾವತ್ತೋ ಬರೆದಿಟ್ಟಿದ್ದಾರೆ ಅಂತ ತಿಳಿದದ್ದು ತಡವಾಗಿ. ಇ. ಎಂ. ಫಾರ್ಸ್ಟರ್ 1909ರಲ್ಲಿ ‘ದಿ ಮಷಿನ್ ಸ್ಟಾಪ್ಸ್’ ಅಂತ ಒಂದು ಕಥೆ ಬರೆದರು. ಜನ ನೆಲದೊಳಗೆ ಒಬ್ಬೊಬ್ಬರು ಒಂದೊಂದು ಕೋಣೆಯಲ್ಲಿ ಇರುತ್ತಾರೆ. ಊಟ, ಗಾಳಿ, ಸಂಗೀತ ಎಲ್ಲ ಯಂತ್ರದ್ದು. ಒಂದು ದಿನ ಸಂಗೀತದ ನಡುವೆ ಅಪಸ್ವರ ಬರಲು ಶುರುವಾಗುತ್ತದೆ. ಒಬ್ಬ ತಾಯಿ ದೂರು ಕೊಡುತ್ತಾಳೆ. ರಿಪೇರಿ ಸಮಿತಿಯಿಂದ ಬರುವ ಉತ್ತರ: ಸರಿಯಾಗುತ್ತದೆ. ಆಗುವುದಿಲ್ಲ. ಜನ ಅದಕ್ಕೆ ಒಗ್ಗಿಕೊಳ್ಳುತ್ತಾರೆ. ಕೊನೆಗೆ ಗೊತ್ತಾಗುತ್ತದೆ, ರಿಪೇರಿ ಮಾಡುವ ಯಂತ್ರವೇ ಕೆಟ್ಟಿದೆ. ಓದುವಾಗ ನನಗೆ ನ್ಯಾಯಬೆಲೆ ಅಂಗಡಿಯ ಪಾಳಿ ಕಣ್ಣಮುಂದೆ ಬಂತು. ಜೀವನವಿಡೀ ಕಳೆ ಕಿತ್ತು ಬೆರಳು ಸವೆದ ಅಜ್ಜಿ ಥಂಬ್ ಕೊಡುತ್ತಾಳೆ, ಯಂತ್ರ ಒಪ್ಪುವುದಿಲ್ಲ. ಸರ್ವರ್ ಇಲ್ಲಮ್ಮ, ನಾಳೆ ಬಾ. ಅಂಗಡಿಯವನನ್ನು ಬೈದರೆ ಅವನೂ ಕೈಚೆಲ್ಲಿ ಯಂತ್ರವನ್ನೇ ತೋರಿಸುತ್ತಾನೆ.

ಇನ್ನೊಂದು ಕರ್ಟ್ ವಾನೆಗಟ್ ಬರೆದ ‘ಪ್ಲೇಯರ್ ಪಿಯಾನೊ’, 1952ರದ್ದು. ಅವರು ಜನರಲ್ ಎಲೆಕ್ಟ್ರಿಕ್ ಕಂಪನಿಯ ಪ್ರಚಾರ ವಿಭಾಗದಲ್ಲಿ ಕೆಲಸ ಮಾಡಿದವರು, ತಾನಾಗಿ ಲೋಹ ಕೊರೆಯುವ ಯಂತ್ರವನ್ನು ಕಣ್ಣಾರೆ ಕಂಡವರು. ಕಾದಂಬರಿಯಲ್ಲಿ ಒಬ್ಬ ಹಳೆಯ ಲೇತ್ ಕೆಲಸಗಾರ ಇದ್ದಾನೆ. ಇಂಜಿನಿಯರುಗಳು ಅವನ ಕೈಯ ಚಲನೆಯನ್ನು ಟೇಪಿನಲ್ಲಿ ಹಿಡಿದು, ಆ ಟೇಪಿನಿಂದಲೇ ಯಂತ್ರಗಳನ್ನು ಓಡಿಸಿ, ಅವನಂಥವರನ್ನೆಲ್ಲ ಮನೆಗೆ ಕಳಿಸಿದ್ದಾರೆ. ಮುಂದೆ ಅವರಲ್ಲಿ ಒಬ್ಬ ಇಂಜಿನಿಯರ್ ಎದುರಿಗೆ ಸಿಕ್ಕಾಗ ಅವನಿಗೆ ಸಿಟ್ಟು ಬರುತ್ತದೆ ಅಂದುಕೊಂಡಿರಾ? ಇಲ್ಲ. ಎಲ್ಲರನ್ನೂ ಬಿಟ್ಟು ತನ್ನ ಕೈಯನ್ನೇ ಆರಿಸಿದರು ಅಂತ ಅವನಿಗೆ ಹೆಮ್ಮೆ. ಅದನ್ನು ಓದಿ ಪುಸ್ತಕ ಮುಚ್ಚಿಟ್ಟೆ. ನಮ್ಮ ಕಡೆ ಎಂಥ ಗ್ಯಾಂಗ್‌ಮನ್ ಇದ್ದಾರೆ ಅಂದರೆ, ನೀರಿನ ಸಪ್ಪಳ ಕೇಳಿಯೇ ಎಷ್ಟು ಅಡಿ ಇದೆ ಅಂತ ಹೇಳುತ್ತಾರೆ. ಸೆನ್ಸರ್ ಎಲ್ಲಿ ಕೂರಿಸಬೇಕು ಅಂತ ಇಂಜಿನಿಯರುಗಳಿಗೆ ತೋರಿಸುವವನೂ ಅವನೇ ಆಗಿರುತ್ತಾನೆ. ತೋರಿಸಿ, ಊರಿಗೆ ಬಂದು, ಸಾಹೇಬ್ರು ನನ್ನನ್ನೇ ಕೇಳಿದ್ರು ಅಂತ ಹೇಳಿಕೊಳ್ಳುತ್ತಾನೆ. ರೈತ 1, ರೈತ 2 ಅಂತ ಬರೆದವನಿಗೆ ಇಂಥವನು ಹೇಗೆ ಸಿಕ್ಕಾನು?

ಹಾಗಾಗಿ ರೋಬೋಟಾ ಎಐಯಾ ಅನ್ನುವ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ಯಾವುದು ಇಟ್ಟರೂ ನಡೆಯುತ್ತದೆ. ಮೊದಲು ಕಚೇರಿ ಕಿಟಕಿಯ ಈಚೆ ನಿಂತ ಒಬ್ಬರನ್ನು ಹಿಡಿಯಿರಿ. ಅವರಿಗೆ ಹೆಸರು, ಸಾಲ, ಒಣಜಂಬ ಎಲ್ಲ ಇರಲಿ. ಯಂತ್ರ ಕೆಟ್ಟಾಗ ಅವರು ಯಾರ ಮನೆ ಬಾಗಿಲಿಗೆ ಹೋಗುತ್ತಾರೆ ಅಂತ ಕೇಳಿ. ಬಾಗಿಲೇ ಇಲ್ಲದಿದ್ದರೆ ಕಥೆ ಶುರುವಾಯಿತು. ಉದ್ಯೋಗ ಖಾತ್ರಿ ಕೆಲಸಕ್ಕೆ 2023ರ ಜನವರಿಯಿಂದ ಮೊಬೈಲ್ ಆ್ಯಪ್‌ನಲ್ಲೇ ಹಾಜರಿ ಕಡ್ಡಾಯ ಮಾಡಿದರು, ದಿನಕ್ಕೆ ಎರಡು ಫೋಟೋ. ಕಳ್ಳ ಹಾಜರಿ ತಡೆಯಲು ತಂದದ್ದು. ಉದ್ದೇಶ ತಪ್ಪಲ್ಲ. ಆದರೆ ನೆಟ್‌ವರ್ಕ್ ಸಿಗದ ಕೆರೆ ಅಂಗಳದಲ್ಲಿ ಮಧ್ಯಾಹ್ನದ ಫೋಟೋ ಅಪ್‌ಲೋಡ್ ಆಗಲಿಲ್ಲ ಅಂದರೆ, ಬೆಳಗಿನಿಂದ ಮಣ್ಣು ಹೊತ್ತ ಹೆಣ್ಣುಮಗಳು ಕೆಲಸಕ್ಕೇ ಬಂದಿಲ್ಲ. ಎದುರಿಗಿರುವ ಕಾಯಕ ಬಂಧು, ಅಂದರೆ ಹಾಜರಿ ಹಾಕುವ ಮೇಟ್, ಅವಳ ಓಣಿಯವಳೇ, ಬೆಳಗಿನಿಂದ ಜೊತೆಗೇ ಇದ್ದವಳು. ಇಬ್ಬರೂ ಆ ಫೋನನ್ನು ಆಕಾಶಕ್ಕೆ ಹಿಡಿದು ದಿಬ್ಬ ಹತ್ತುತ್ತಾರೆ. ಇದಕ್ಕೆ ಇಪ್ಪತ್ತು ವರ್ಷ ಸೇರಿಸಿ ಬರೆಯಿರಿ ನೋಡೋಣ.

ಇನ್ನು ಬೆಂಗಳೂರು. ಯಾಕೆ ಬೇಕು? ಡ್ಯಾಮಿನ ಕೆಳಗೆ ಬದುಕುವ ನಾವೆಲ್ಲ 1945ರಲ್ಲಿ ಕೆಲಸ ಶುರು ಮಾಡಿದವರು ಕಂಡ ಭವಿಷ್ಯದೊಳಗೇ ಇದ್ದೇವೆ. ಮುಳುಗಿದ ಊರುಗಳು ಅದರಲ್ಲಿವೆ, ಭತ್ತದ ದುಡ್ಡೂ ಅದರಲ್ಲಿದೆ. 2024ರ ಆಗಸ್ಟ್ 10ರ ರಾತ್ರಿ ಅದೇ ಡ್ಯಾಮಿನ 33 ಗೇಟುಗಳಲ್ಲಿ 19ನೆಯದರ ಚೈನ್ ತುಂಡಾಗಿ ಗೇಟು ಕೊಚ್ಚಿಹೋಯಿತು. ಸುಮಾರು ಒಂದು ವಾರದಲ್ಲಿ ಸ್ಟಾಪ್‌ಲಾಗ್ ಅನ್ನುವ ತಾತ್ಕಾಲಿಕ ತಡೆ ಇಳಿಸಿದರು. ಆ ವಾರ ಸಿಂಧನೂರು, ಸಿರವಾರ ಕಡೆ ನಾಟಿ ಮಾಡಿ ಕೂತವರು ಮೊಬೈಲಿನಲ್ಲಿ ನದಿಗೆ ಹೋಗುತ್ತಿದ್ದ ನೀರಿನ ವಿಡಿಯೋ ನೋಡುತ್ತಿದ್ದರು. ಎಷ್ಟು ಟಿಎಂಸಿ ಹೋಯಿತು ಅಂತ ಚಿಕ್ಕ ಹುಡುಗರೂ ಲೆಕ್ಕ ಹಾಕುತ್ತಿದ್ದರು. ಏಳು ದಶಕದ ಹಳೆಯ ಚೈನಿಗೆ ಗಂಗಾವತಿಯ ರೈಸ್ ಮಿಲ್ಲಿನ ಹಮಾಲನ ಮುಂದಿನ ವರ್ಷದ ಕೂಲಿ ಕಟ್ಟಿಕೊಂಡಿತ್ತು. ಇದಕ್ಕಿಂತ ದೊಡ್ಡ ವೈಜ್ಞಾನಿಕ ಕಥೆಯನ್ನು ಮಂಗಳ ಗ್ರಹದಲ್ಲಿ ಹುಡುಕುತ್ತೀರಾ?

ವಿಜ್ಞಾನ ಎಷ್ಟು ಗೊತ್ತಿರಬೇಕು ಅಂತಲೂ ಕೊನೆಗೆ ಕೇಳಿದ್ದೀರಿ. ನೀವು ಇಂಜಿನಿಯರಿಂಗ್ ಓದುವವರು, ನನಗಿಂತ ಜಾಸ್ತಿ ಗೊತ್ತಿದೆ. ಅದರಲ್ಲಿ ಮುಕ್ಕಾಲು ಭಾಗ ಕಥೆಯ ಹೊರಗಿಡಿ. ಆ ಯಂತ್ರ ರಿಪೇರಿಗೆ ಬರುವ ಹುಡುಗನಿಗೆ ಎಷ್ಟು ಗೊತ್ತಿರುತ್ತದೋ ಅಷ್ಟು ಸಾಕು. ಅವನು ಯಾವ ಸ್ಪ್ಯಾನರ್ ತರುತ್ತಾನೆ, ಯಾರಿಗೆ ಫೋನ್ ಮಾಡುತ್ತಾನೆ, ಯಾವ ಸುಳ್ಳು ಹೇಳಿ ಜಾಗ ಖಾಲಿ ಮಾಡುತ್ತಾನೆ, ಇದನ್ನು ವಿಚಾರಿಸಿ. ಮುನಿರಾಬಾದ್ ನಿಮಗೆ ಹತ್ತಿರ, ಬಸ್ಸಿಗೆ ಹೋಗಿ ಬನ್ನಿ. ಕಾಲುವೆ ಮೇಲೆ ಯಾರಾದರೂ ಸಿಗುತ್ತಾರೆ, ಚಹಾ ಕುಡಿಸಿ ಮಾತಾಡಿಸಿ. ಬರೆದ ಮೇಲೆ ಕಳಿಸಿ, ಓದುತ್ತೇನೆ. ಮೊದಲ ಪುಟದಲ್ಲೇ ಬೆಂಗಳೂರಿನ ವಿಜ್ಞಾನಿ ಬಂದರೆ ಎರಡನೆಯದನ್ನು ತೆರೆಯುವುದಿಲ್ಲ, ಈಗಲೇ ಹೇಳಿರುತ್ತೇನೆ.