ಚೀಟಿ ಬರೆಯುವ ಮೊದಲು ಚೀಲ ತೆರೆಸಿ

ಪ್ರಶ್ನೆ: 11 ವರ್ಷ ವಾರ್ಡಿನಲ್ಲಿ ನರ್ಸ್ ಆಗಿದ್ದೆ. ಈಗ ನರ್ಸ್ ಪ್ರಾಕ್ಟೀಷನರ್ ತರಬೇತಿ ಮುಗಿಸಿದ್ದೇನೆ. ಇನ್ನು ಔಷಧ ಚೀಟಿಗೆ ನಾನೇ ಸಹಿ ಹಾಕಬೇಕು. ಇಷ್ಟು ದಿನ ಬೇರೆಯವರು ಬರೆದದ್ದನ್ನು ಕೊಟ್ಟವಳಿಗೆ ಈಗ ಕೈ ನಡುಗುತ್ತಿದೆ. ಎಲ್ಲಿ ತಪ್ಪುವುದು ಜಾಸ್ತಿ? ಮೊದಲು ಯಾವುದನ್ನು ಗಟ್ಟಿ ಮಾಡಿಕೊಳ್ಳಲಿ?

ಉತ್ತರ: ಆ ನಡುಕ ನನಗೂ ಇತ್ತು. ಪೂರ್ತಿ ಹೋಗದಿದ್ದರೂ ಪರವಾಗಿಲ್ಲ. ಚೀಟಿಯ ಇನ್ನೊಂದು ತುದಿಯಲ್ಲಿ ನೀವು 11 ವರ್ಷ ನಿಂತಿದ್ದೀರಿ. ಓದಲಾಗದ ಅಕ್ಷರ, ಎಷ್ಟು ಮಿಲಿಗ್ರಾಂ ಅಂತ ಬರೆಯದ ಸಿರಪ್, ಯಾಕೆ ಕೊಡುತ್ತಿದ್ದೇವೆ ಅಂತ ಯಾರಿಗೂ ಗೊತ್ತಿಲ್ಲದೆ ವರ್ಷಗಟ್ಟಲೆ ನಡೆಯುವ ಮಾತ್ರೆ, ಇವೆಲ್ಲ ನೀವು ಕಂಡದ್ದೇ. ಬರೆಯುವಾಗ ಆ ನರ್ಸ್ ಪಕ್ಕದಲ್ಲೇ ನಿಂತು ಓದುತ್ತಿದ್ದಾಳೆ ಅಂದುಕೊಳ್ಳಿ.

ಬೇರೆ ಓದುಗರಿಗೂ ಒಂದು ಮಾತು. ನರ್ಸ್ ಪ್ರಾಕ್ಟೀಷನರ್ ಅಂದರೆ ಹೆಚ್ಚಿನ ತರಬೇತಿ ಪಡೆದು, ರೋಗ ಪತ್ತೆ ಮಾಡಿ ಔಷಧ ಬರೆಯುವ ನರ್ಸ್. ಇಂಥ ಮೊದಲ ತರಬೇತಿ 1965ರಲ್ಲಿ ಅಮೆರಿಕದ ಕೊಲೊರಾಡೊದಲ್ಲಿ ಶುರುವಾಯಿತು. ಕೆಲವು ಕಡೆ ಇವರು ಸ್ವತಂತ್ರವಾಗಿ ಬರೆಯಬಹುದು, ಕೆಲವು ಕಡೆ ಡಾಕ್ಟರ ಜೊತೆ ಒಪ್ಪಂದ ಬೇಕು. ನಿಮ್ಮ ಅಧಿಕಾರದ ಗಡಿ ಎಲ್ಲಿದೆ ಅಂತ ಮೊದಲ ದಿನವೇ ತಿಳಿದುಕೊಳ್ಳಿ.

ಈಗ ನಿಮ್ಮ ಪ್ರಶ್ನೆ. ನಾನು ಕಂಡ ತಪ್ಪುಗಳಲ್ಲಿ ಬಹುಪಾಲು ಪೆನ್ನು ಕೈಗೆತ್ತಿಕೊಳ್ಳುವ ಮೊದಲೇ ಆಗಿಹೋಗಿದ್ದವು. ರೋಗಿ ಈಗಾಗಲೇ ಏನೇನು ನುಂಗುತ್ತಿದ್ದಾರೆ ಅಂತ ಯಾರೂ ಸರಿಯಾಗಿ ಕೇಳಿರಲಿಲ್ಲ.

ಒಬ್ಬ ಅಜ್ಜಿಯ ವಿಷಯ ಹೇಳುತ್ತೇನೆ. 82 ವರ್ಷ, 45 ಕೆಜಿ ತೂಕ. ಪಾದ ಊದಿದೆ, ಎದ್ದು ನಿಂತರೆ ತಲೆ ಸುತ್ತುತ್ತದೆ ಅಂತ ಬಂದಿದ್ದರು. ಏನು ಮಾತ್ರೆ ತಗೊಳ್ತೀರಿ ಅಂದರೆ, "ಬಿಪಿದು, ಆಮೇಲೆ ನೀರು ಹೋಗೋದು" ಅಂದರು. ಮನೆಯಲ್ಲಿರುವುದನ್ನೆಲ್ಲಾ ತನ್ನಿ ಅಂತ ಕಳಿಸಿದೆ. ಮರುದಿನ ಅವರ ಮಗಳು ಒಂದು ಬಟ್ಟೆಚೀಲವನ್ನು ನನ್ನ ಮೇಜಿನ ಮೇಲೆ ಬೋರಲು ಹಾಕಿದರು. ಒಂದು ಸ್ಟ್ರಿಪ್ ಅಮ್ಲೋಡಿಪಿನ್ ಅನ್ನುವ ಬಿಪಿ ಮಾತ್ರೆ, 5 ಮಿಲಿಗ್ರಾಂ. ಇನ್ನೊಂದು ಬೇರೆ ಬಣ್ಣದ್ದು, ಬೇರೆ ಹೆಸರಿನದು, ಆಸ್ಪತ್ರೆಯಿಂದ ಮನೆಗೆ ಕಳಿಸುವಾಗ ಕೊಟ್ಟದ್ದು. ತಿರುಗಿಸಿ ಸಣ್ಣ ಅಕ್ಷರ ಓದಿದರೆ ಟೆಲ್ಮಿಸಾರ್ಟಾನ್ ಅನ್ನುವ ಇನ್ನೊಂದು ಬಿಪಿ ಔಷಧದ ಜೊತೆಗೆ ಮತ್ತದೇ ಅಮ್ಲೋಡಿಪಿನ್. ಬರೆದವರು ಇಬ್ಬರು, ಹೆಸರು ಎರಡು, ಔಷಧ ಒಂದೇ. ಮೂರನೆಯದು ಫ್ಯುರೊಸೆಮೈಡ್, ಅಂದರೆ ಮೂತ್ರ ಹೆಚ್ಚಿಸುವ ಮಾತ್ರೆ. ಕೊನೆಗೆ ರಬ್ಬರ್ ಬ್ಯಾಂಡ್ ಸುತ್ತಿದ ಐಬುಪ್ರೊಫೆನ್ ಸ್ಟ್ರಿಪ್‌ಗಳು. "ಅದು ಲೆಕ್ಕಕ್ಕಿಲ್ಲಮ್ಮ, ಸುಮ್ನೆ ಮಂಡಿನೋವಿಗೆ, ಅಂಗಡಿಯಿಂದ ತಂದದ್ದು" ಅಂದರು ಅಜ್ಜಿ.

ಅಮ್ಲೋಡಿಪಿನ್‌ನಿಂದ ಪಾದ ಊದುತ್ತದೆ, ಡೋಸ್ ಏರಿದಷ್ಟೂ ಜಾಸ್ತಿ. ಅದು ಸಣ್ಣ ರಕ್ತನಾಳಗಳಿಂದ ನೀರು ಜಿನುಗಿ ಬರುವ ಊತ. ಮೂತ್ರದ ಮಾತ್ರೆಗೆ ಅಷ್ಟಾಗಿ ಇಳಿಯುವುದಿಲ್ಲ. ಒಂದು ಔಷಧದ ಅಡ್ಡಪರಿಣಾಮವನ್ನು ಹೊಸ ಕಾಯಿಲೆ ಅಂದುಕೊಂಡು ಇನ್ನೊಂದು ಔಷಧ ಬರೆದಿದ್ದರು. ಇದಕ್ಕೆ ಪ್ರಿಸ್ಕ್ರೈಬಿಂಗ್ ಕ್ಯಾಸ್ಕೇಡ್ ಅನ್ನುತ್ತಾರೆ. ಹಾಗಾಗಿ ಮಾತ್ರೆ ತಗೊಳ್ಳುತ್ತಿರುವವರಲ್ಲಿ ಹೊಸ ತೊಂದರೆ ಕಂಡರೆ, ಮಾತ್ರೆಯಿಂದಲೇ ಬಂದಿದೆಯಾ ಅಂತ ಮೊದಲು ಅನುಮಾನಿಸಿ.

ಅದಕ್ಕಿಂತ ಅಪಾಯದ್ದು ಕಿಡ್ನಿ. ಟೆಲ್ಮಿಸಾರ್ಟಾನ್ ಥರದ ಬಿಪಿ ಮಾತ್ರೆ, ಮೂತ್ರದ ಮಾತ್ರೆ, ಐಬುಪ್ರೊಫೆನ್ ಥರದ ನೋವಿನ ಮಾತ್ರೆ, ಈ ಮೂರೂ ಒಟ್ಟಿಗೆ ಸೇರಿದರೆ ಕಿಡ್ನಿ ದಿಢೀರನೆ ಕೈಕೊಡಬಹುದು. ಅಜ್ಜಿಯ ರಿಪೋರ್ಟ್‌ನಲ್ಲಿ ಕ್ರಿಯಾಟಿನಿನ್ (ಸ್ನಾಯುಗಳಿಂದ ಬಂದು, ಕಿಡ್ನಿ ಸೋಸಿ ಹೊರಹಾಕುವ ಕಸ) 1.0 ಇತ್ತು, ಪಕ್ಕದಲ್ಲಿ 'ನಾರ್ಮಲ್' ಅಂತಲೂ ಇತ್ತು. 1976ರಲ್ಲಿ ಬಂದ, ಈಗಲೂ ಬಹಳ ಕಡೆ ಬಳಸುವ, ಕಿಡ್ನಿ ಎಷ್ಟು ಸೋಸುತ್ತಿದೆ ಅಂತ ಅಂದಾಜು ಮಾಡುವ ಕಾಕ್‌ಕ್ರಾಫ್ಟ್-ಗಾಲ್ಟ್ ಸೂತ್ರದಲ್ಲಿ ಅವರ ವಯಸ್ಸು, ತೂಕ ಹಾಕಿ ನೋಡಿ: 140ರಿಂದ 82 ಕಳೆದರೆ 58. ಅದನ್ನು 45ರಿಂದ ಗುಣಿಸಿ, 72ರಿಂದ ಭಾಗಿಸಿ, ಬಂದದ್ದನ್ನು ಕ್ರಿಯಾಟಿನಿನ್ ಸಂಖ್ಯೆಯಿಂದ (ಇಲ್ಲಿ 1.0) ಭಾಗಿಸಿ, ಹೆಂಗಸು ಆದ್ದರಿಂದ 0.85ರಿಂದ ಗುಣಿಸಿ. ಬರುವುದು ನಿಮಿಷಕ್ಕೆ ಸುಮಾರು 31 ಮಿಲಿ. ಆರೋಗ್ಯವಾಗಿರುವ ಯುವಕರಲ್ಲಿ ಇದು 100ರ ಆಸುಪಾಸು ಇರುತ್ತದೆ. ಮೈಯಲ್ಲಿ ಮಾಂಸವೇ ಕಡಿಮೆ ಇದ್ದರೆ ಕ್ರಿಯಾಟಿನಿನ್ ಕೂಡ ಕಡಿಮೆ ತೋರಿಸುತ್ತದೆ. ವಯಸ್ಸಾದವರಿಗೆ ಬರೆಯುವಾಗ ಈ ಲೆಕ್ಕ ಮಾಡದೆ ಪೆನ್ನು ಮುಟ್ಟಬೇಡಿ. ಬಹಳಷ್ಟು ಔಷಧಗಳ ಡೋಸ್ ಇದರ ಮೇಲೆಯೇ ನಿಂತಿದೆ.

ನಾವು ಡಾಕ್ಟರ ಜೊತೆ ಮಾತಾಡಿ, ಊತಕ್ಕೆ ಹೃದಯ ಕಾರಣ ಅಲ್ಲ ಅಂತ ಖಚಿತ ಮಾಡಿಕೊಂಡು, ಒಂಟಿ ಅಮ್ಲೋಡಿಪಿನ್ ಮತ್ತು ಐಬುಪ್ರೊಫೆನ್ ನಿಲ್ಲಿಸಿದೆವು. ಊತ ಇಳಿದ ಮೇಲೆ ಫ್ಯುರೊಸೆಮೈಡ್ ಕೂಡ ಹೋಯಿತು. ವಿಶ್ವ ಆರೋಗ್ಯ ಸಂಸ್ಥೆ 2017ರಲ್ಲಿ ಔಷಧದ ಹಾನಿ ತಗ್ಗಿಸಲು ಒಂದು ದೊಡ್ಡ ಕಾರ್ಯಕ್ರಮ ಶುರುಮಾಡಿ, ಮೂರು ಕಡೆ ಮುಖ್ಯವಾಗಿ ಕಣ್ಣಿಡಿ ಅಂದಿತು: ಅಪಾಯ ಜಾಸ್ತಿ ಇರುವ ಸಂದರ್ಭ, ತುಂಬಾ ಮಾತ್ರೆ ತಗೊಳ್ಳುವವರು, ಒಂದು ಕಡೆಯಿಂದ ಇನ್ನೊಂದು ಕಡೆಗೆ ಆರೈಕೆ ಬದಲಾಗುವ ಹೊತ್ತು. ಈ ಅಜ್ಜಿ ಮೂರರಲ್ಲೂ ಇದ್ದರು.

ಆದ್ದರಿಂದ 'ಏನು ಮಾತ್ರೆ ತಗೊಳ್ತೀರಿ' ಅನ್ನುವ ಒಂದೇ ಪ್ರಶ್ನೆ ಸಾಲದು. ಕಣ್ಣಿನ ಡ್ರಾಪ್ಸ್, ಇನ್ಹೇಲರ್, ಮುಲಾಮು, ಇಂಜೆಕ್ಷನ್, ಗಿಡಮೂಲಿಕೆ, ಅಂಗಡಿಯಿಂದ ತಂದದ್ದು, ಪಕ್ಕದ ಮನೆಯವರು ಕೊಟ್ಟದ್ದು ಅಂತ ಒಂದೊಂದಾಗಿ ಕೇಳಿ. ಹೆಂಗಸರಾದರೆ ಗರ್ಭಿಣಿಯೇ, ಹಾಲೂಡಿಸುತ್ತಿದ್ದೀರಾ ಅಂತಲೂ. ಅಲರ್ಜಿ ವಿಷಯದಲ್ಲಿ ಹೆಸರು ಬರೆದುಕೊಂಡರೆ ಸಾಲದು, ಆವಾಗ ಏನಾಯಿತು ಅಂತ ಕೇಳಿ. ಬರೀ ಹೊಟ್ಟೆ ಕೆಟ್ಟಿತ್ತೋ, ಮೈಯೆಲ್ಲಾ ದದ್ದು ಎದ್ದು ಉಸಿರು ಕಟ್ಟಿತ್ತೋ? ಪೆನಿಸಿಲಿನ್ ಅಲರ್ಜಿ ಇದೆ ಅನ್ನುವ 10 ಜನರನ್ನು ಪರೀಕ್ಷೆ ಮಾಡಿದರೆ ಸುಮಾರು 9 ಜನರಿಗೆ ಅದು ಇರುವುದೇ ಇಲ್ಲ. ಹಾಗಂತ ನೀವೇ ಆ ಹೆಸರು ಹೊಡೆದುಹಾಕಬೇಡಿ, ಪರೀಕ್ಷೆಗೆ ಕಳಿಸಿ.

ಬರೆಯುವಾಗಿನ ಎಚ್ಚರ ನಿಮಗೆ ಗೊತ್ತಿರುವುದೇ. ಇನ್ಸುಲಿನ್‌ಗೆ 'ಯೂನಿಟ್' ಅಂತ ಪೂರ್ತಿ ಬರೆಯಿರಿ. ಇಂಗ್ಲಿಷಿನ ಯು ಅಕ್ಷರವೊಂದನ್ನೇ ಹಾಕಿದರೆ ಅದು ಸೊನ್ನೆ ಥರ ಕಂಡು 10 ಹೋಗಿ 100 ಆಗುತ್ತದೆ. ಅರ್ಧ ಮಿಲಿಗ್ರಾಂ ಅಂದರೆ 0.5, ಚುಕ್ಕಿಯ ಎಡಗಡೆಯ ಸೊನ್ನೆ ಬೇಕೇ ಬೇಕು. ಒಂದು ಮಿಲಿಗ್ರಾಂ ಅಂದರೆ ಬರೀ 1, 1.0 ಅಂತ ಬೇಡ. ಸಂಧಿವಾತಕ್ಕೆ ಕೊಡುವ ಮೆಥೊಟ್ರೆಕ್ಸೇಟ್ ವಾರಕ್ಕೊಮ್ಮೆ ಮಾತ್ರ. ದಿನಾ ತಗೊಂಡು ಪ್ರಾಣ ಕಳೆದುಕೊಂಡವರಿದ್ದಾರೆ. ವಾರದ ಯಾವ ದಿನ ಅಂತಲೇ ಬರೆಯಿರಿ, ಸೋಮವಾರ ಅಂದರೆ ಸೋಮವಾರ. ಚೀಟಿಯಲ್ಲಿ ಇನ್ನೆರಡು ವಿಷಯ ಇರಲೇಬೇಕು ಅನ್ನುವುದು ನನ್ನ ಹಟ: ಈ ಔಷಧ ಯಾತಕ್ಕೆ, ಯಾವತ್ತು ನಿಲ್ಲಿಸಬೇಕು ಅಥವಾ ಮತ್ತೆ ನೋಡಬೇಕು.

ಪ್ರಶ್ನೆ: ಮಗುವಿಗೆ ನೆಗಡಿ, ಜ್ವರ. ನೋಡಿದರೆ ವೈರಸ್ಸಿನದೇ ಅನ್ನಿಸುತ್ತದೆ. ಆದರೂ ತಂದೆ-ತಾಯಿ ಆಂಟಿಬಯೋಟಿಕ್ ಬರೆಯಿರಿ ಅಂತ ಪಟ್ಟು ಹಿಡಿಯುತ್ತಾರೆ. ಏನು ಮಾಡುವುದು?

ಉತ್ತರ: ಅವರು ಕೇಳುತ್ತಿರುವುದು ಧೈರ್ಯ. ಅದನ್ನು ಕೊಡಿ. ಕಿವಿ, ಗಂಟಲು, ಎದೆ ನೋಡುತ್ತಾ ಏನು ಕಾಣುತ್ತಿದೆ ಅಂತ ಬಾಯಿಬಿಟ್ಟು ಹೇಳುತ್ತಾ ಹೋಗಿ. ನೆಗಡಿ ಒಂದು ವಾರದಿಂದ ಹತ್ತು ದಿನ ಇರುತ್ತದೆ, ಕೆಮ್ಮು ಮೂರು ವಾರ ಎಳೆಯಬಹುದು ಅಂತ ಮೊದಲೇ ತಿಳಿಸಿದರೆ ನಾಲ್ಕನೇ ದಿನಕ್ಕೆ ಗಾಬರಿ ಬೀಳುವುದಿಲ್ಲ. ಉಸಿರಾಟ ಜೋರಾದರೆ, ಹಾಲು-ನೀರು ಕುಡಿಯದಿದ್ದರೆ, ಮಂಕಾಗಿ ಮಲಗಿಯೇ ಇದ್ದರೆ ತಕ್ಷಣ ಕರೆತನ್ನಿ ಅಂತ ಬರೆದುಕೊಡಿ. ಮೂರು ತಿಂಗಳೊಳಗಿನ ಕೂಸಿಗೆ ಜ್ವರ ಬಂದರೆ ಮಾತ್ರ ಕಾಯುವ ಮಾತೇ ಇಲ್ಲ, ಕೂಡಲೇ ಡಾಕ್ಟರಿಗೆ ತೋರಿಸಬೇಕು.

ನನಗೆ ಆಂಟಿಬಯೋಟಿಕ್‌ಗಿಂತ ಹೆಚ್ಚು ಚಿಂತೆ ಜ್ವರದ ಸಿರಪ್ಪಿನದು. 12 ಕೆಜಿ ಮಗು ಅನ್ನೋಣ. ಪ್ಯಾರಾಸಿಟಮಾಲ್ ಕೆಜಿಗೆ 15 ಮಿಲಿಗ್ರಾಂ ಲೆಕ್ಕದಲ್ಲಿ 180 ಮಿಲಿಗ್ರಾಂ. 5 ಮಿಲಿಯಲ್ಲಿ 120 ಮಿಲಿಗ್ರಾಂ ಇರುವ ಬಾಟಲಿಯಾದರೆ 7.5 ಮಿಲಿ ಕೊಡಬೇಕು. 5 ಮಿಲಿಯಲ್ಲಿ 250 ಇರುವುದಾದರೆ 3.6 ಮಿಲಿ ಸಾಕು. ನೀವು ಚೀಟಿಯಲ್ಲಿ ಬರೀ '7.5 ಮಿಲಿ' ಅಂತ ಬರೆದು, ಅಂಗಡಿಯವರು ಎರಡನೇ ಬಾಟಲಿ ಕೊಟ್ಟರೆ ಮಗುವಿಗೆ ಎರಡರಷ್ಟು ಔಷಧ ಹೋಯಿತು, ಅಲ್ವಾ? ತೂಕವನ್ನು ಇವತ್ತೇ ಅಳೆಯಿರಿ. ಮಿಲಿಗ್ರಾಂ, ಮಿಲಿ, ಬಾಟಲಿಯ ಪ್ರಮಾಣ ಮೂರನ್ನೂ ಬರೆಯಿರಿ. ದಿನಕ್ಕೆ ನಾಲ್ಕು ಸಲ ಮೀರಬಾರದು ಅಂತಲೂ ಸೇರಿಸಿ. ಚಮಚದ ಲೆಕ್ಕ ಬೇಡ. ಅಳತೆಯ ಸಿರಿಂಜ್ ಕೈಗೆ ಕೊಟ್ಟು, ಎಲ್ಲಿವರೆಗೆ ಎಳೀತೀರಿ ತೋರಿಸಿ ಅಂತ ಅವರಿಂದಲೇ ಮಾಡಿಸಿ ನೋಡಿ.

ಪ್ರಶ್ನೆ: ಡೋಸ್ ನೆನಪಾಗದೆ ರೋಗಿಯ ಎದುರೇ ಪುಸ್ತಕ ತೆರೆದರೆ ನಂಬಿಕೆ ಹೋಗುವುದಿಲ್ಲವೇ? ಇನ್ನೊಂದು, ಮನೆಯವರು, ಜೊತೆ ಕೆಲಸ ಮಾಡುವವರು 'ಒಂದು ಚೀಟಿ ಬರೆದುಕೊಡಿ' ಅಂದರೆ?

ಉತ್ತರ: ಧಾರಾಳವಾಗಿ ತೆರೆಯಿರಿ. "ಒಂದು ನಿಮಿಷ, ನಿಮ್ಮ ಬಿಪಿ ಮಾತ್ರೆ ಜೊತೆ ಇದು ಹೊಂದುತ್ತಾ ನೋಡಿಬಿಡ್ತೀನಿ" ಅಂತ ಹೇಳಿ ನೋಡಿದರೆ ಯಾವ ರೋಗಿಯೂ ಬೇಸರ ಮಾಡಿಕೊಂಡದ್ದನ್ನು ನಾನು ಕಂಡಿಲ್ಲ. ಅನುಮಾನ ಉಳಿದರೆ ಫಾರ್ಮಸಿಸ್ಟ್‌ಗೆ ಫೋನ್ ಮಾಡಿ.

ಮನೆಯವರಿಗೆ, ಗೆಳೆಯರಿಗೆ, ನಿಮಗೇ ನೀವು ಬರೆದುಕೊಳ್ಳುವುದು ಬೇಡ. ನಿದ್ದೆ ಮಾತ್ರೆ, ಮಾರ್ಫಿನ್ ಜಾತಿಯ ನೋವಿನ ಮಾತ್ರೆ ಅಂತೂ ಬೇಡವೇ ಬೇಡ. ತಂಗಿಯ ಹತ್ತಿರ ಕೇಳಲಾಗದ ಪ್ರಶ್ನೆಗಳಿರುತ್ತವೆ, ಅಣ್ಣನ ಹೊಟ್ಟೆ ಮುಟ್ಟಿ ನೋಡಲು ಮುಜುಗರ ಇರುತ್ತದೆ. ದಾಖಲೆಯೂ ಉಳಿಯುವುದಿಲ್ಲ, ಮುಂದೆ ನೋಡುವವರಿಗೆ ನೀವು ಕೊಟ್ಟದ್ದು ಗೊತ್ತೇ ಆಗುವುದಿಲ್ಲ. "ನಾನು ಬರೆಯಲ್ಲ, ಆದರೆ ತೋರಿಸೋಕೆ ಜೊತೆಗೆ ಬರ್ತೀನಿ" ಅಂತ ಹೇಳಿ, ಹೋಗುವಾಗ ಅವರ ಮಾತ್ರೆಗಳ ಚೀಲ ತಗೊಂಡು ಹೋಗಿ.