ಹಳದಿ ಎಲೆ, ಉದುರುವ ಮೊಗ್ಗು, ಮುದುಡಿದ ಚಿಗುರು: ಮನೆಯಂಗಳದ ಗಿಡಗಳ ಬಗ್ಗೆ ಓದುಗರ ಪ್ರಶ್ನೆಗೆ ತಜ್ಞರ ಉತ್ತರ

ಈ ಸಲ ಬಂದ ಪ್ರಶ್ನೆಗಳಲ್ಲಿ ಹೆಚ್ಚಿನವು "ಏನು ಹಾಕಬೇಕು?" ಎಂದೇ ಮುಗಿಯುತ್ತವೆ. ಹಾಕುವುದಕ್ಕೆ ಮೊದಲು ನೋಡಬೇಕಾದ್ದು ಬಹಳ ಇದೆ. ಹಳದಿಯಾದದ್ದು ಹಳೆಯ ಎಲೆಯೋ ಹೊಸ ಎಲೆಯೋ, ಎಲೆ ಮುದುಡಿದ್ದು ಮೇಲಕ್ಕೋ ಕೆಳಕ್ಕೋ, ಮಣ್ಣು ಹಸಿಯೋ ಒಣವೋ ಎಂಬುದರ ಮೇಲೆ ಉಪಚಾರ ಪೂರ್ತಿ ಬದಲಾಗುತ್ತದೆ.

ಪ್ರಶ್ನೆ: ಕುಂಡದಲ್ಲಿರುವ ದಾಸವಾಳಕ್ಕೆ ದಿನಾ ತಪ್ಪದೆ ನೀರು ಹಾಕುತ್ತೇನೆ. ಆದರೂ ಗಿಡ ಬಾಡಿದಂತೆ ಜೋಲುತ್ತಿದೆ, ಎಲೆ ಹಳದಿಯಾಗಿ ಉದುರುತ್ತಿದೆ. ಗೊಬ್ಬರ ಸಾಲದೇ?

ಗೊಬ್ಬರಕ್ಕೆ ಸದ್ಯ ಕೈ ಹಾಕಬೇಡಿ. ತೊಂದರೆ ಬಹುತೇಕ ಆ ದಿನನಿತ್ಯದ ನೀರಿನಲ್ಲೇ ಇದೆ. ಬೇರಿಗೆ ನೀರಿನಷ್ಟೇ ಗಾಳಿಯೂ ಬೇಕು. ಮಣ್ಣಿನ ಸಂದುಗಳಲ್ಲೆಲ್ಲ ನೀರು ತುಂಬಿಕೊಂಡರೆ ಆಮ್ಲಜನಕ ಸಿಗದೆ ಬೇರು ಸಾಯುತ್ತದೆ, ಸತ್ತ ಬೇರಿಗೆ ಕೊಳೆಸುವ ಶಿಲೀಂಧ್ರ ಹತ್ತುತ್ತದೆ. ಬೇರಿಲ್ಲದ ಗಿಡ ಒದ್ದೆ ಮಣ್ಣಿನಲ್ಲಿ ನಿಂತೂ ನೀರು ಹೀರಲಾರದೆ ಬಾಡುತ್ತದೆ. ಬಾಡಿದ್ದನ್ನು ಕಂಡು ಇನ್ನಷ್ಟು ನೀರು ಸುರಿದರೆ ಉಳಿದ ಬೇರೂ ಹೋಗುತ್ತದೆ.

ಬೆರಳನ್ನು ಎರಡನೇ ಗೆಣ್ಣಿನವರೆಗೆ, ಅಂದರೆ ಸುಮಾರು 5 ಸೆಂ.ಮೀ. ಆಳಕ್ಕೆ ಮಣ್ಣಿನಲ್ಲಿ ಇಳಿಸಿ ನೋಡಿ. ಅಲ್ಲಿ ಒದ್ದೆಯಿದ್ದೂ ಗಿಡ ಜೋಲುತ್ತಿದ್ದರೆ ಕುಂಡದಿಂದ ಹೊರತೆಗೆದು ಬೇರು ಪರೀಕ್ಷಿಸಬೇಕು. ಆರೋಗ್ಯವಂತ ಬೇರು ಬಿಳಿಯಾಗಿ ಅಥವಾ ತಿಳಿಗಂದಾಗಿ ಗಟ್ಟಿಯಾಗಿರುತ್ತದೆ. ಕೊಳೆತದ್ದು ಕಪ್ಪಾಗಿ, ಲೋಳೆಯಾಗಿ ಇದ್ದು ಮೆಲ್ಲಗೆ ಎಳೆದರೆ ಮೇಲಿನ ಸಿಪ್ಪೆ ಕಳಚಿ ಒಳಗಿನ ದಾರ ಮಾತ್ರ ಕೈಗೆ ಬರುತ್ತದೆ. ಕೊಳೆತ ಭಾಗವನ್ನೆಲ್ಲ ಶುದ್ಧ ಕತ್ತರಿಯಿಂದ ತೆಗೆಯಿರಿ. ಬೇರು ಕಡಿಮೆಯಾದ್ದರಿಂದ ಮೇಲಿನ ಕೊಂಬೆಗಳನ್ನೂ ಮೂರನೇ ಒಂದು ಭಾಗ ಸವರಿ. ಹೊಸ ಮಿಶ್ರಣದಲ್ಲಿ ನೆಟ್ಟು 8–10 ದಿನ ನೆರಳಿನಲ್ಲಿಡಿ. ಒಂದು ತಿಂಗಳು ಗೊಬ್ಬರ ಬೇಡ. ಗಾಯಗೊಂಡ ಬೇರಿಗೆ ಗೊಬ್ಬರದ ಲವಣ ಇನ್ನಷ್ಟು ಸುಡುತ್ತದೆ. ದೊಡ್ಡ ಕುಂಡಕ್ಕೆ ಬದಲಿಸುವ ಆಸೆಯೂ ಬೇಡ. ಸ್ವಲ್ಪವೇ ಬೇರಿರುವ ಗಿಡದ ಸುತ್ತ ಹೆಚ್ಚು ಮಣ್ಣಿದ್ದರೆ ಅದು ಬೇಗ ಆರುವುದಿಲ್ಲ.

ಮಿಶ್ರಣಕ್ಕೆ ಎರಡು ಪಾಲು ತೋಟದ ಮಣ್ಣು, ಒಂದು ಪಾಲು ಚೆನ್ನಾಗಿ ಕಳಿತ ಕಾಂಪೋಸ್ಟ್, ಒಂದು ಪಾಲು ದಪ್ಪ ಮರಳು ಸಾಕು. ಮಣ್ಣು ಜೇಡಿಯಾಗಿದ್ದರೆ ಅದನ್ನು ಒಂದೇ ಪಾಲಿಗೆ ಇಳಿಸಿ, ಇನ್ನೊಂದು ಪಾಲು ಕೊಕೊಪೀಟ್ (ತೆಂಗಿನ ನಾರಿನ ಪುಡಿ) ಸೇರಿಸಿ.

ಕುಂಡದ ತಳಕ್ಕೆ ಜಲ್ಲಿ ಹಾಕಿದರೆ ನೀರು ಚೆನ್ನಾಗಿ ಬಸಿಯುತ್ತದೆ ಎಂಬ ನಂಬಿಕೆ ಗಟ್ಟಿಯಾಗಿ ಬೇರೂರಿದೆ, ಅದು ತಪ್ಪು. ಒದ್ದೆ ಸ್ಪಂಜನ್ನು ಹಿಡಿದೆತ್ತಿದಾಗ ಮೇಲ್ಭಾಗ ಬಸಿದರೂ ತಳದಲ್ಲಿ ನೀರು ನಿಲ್ಲುವಂತೆ, ಸಣ್ಣ ಕಣದ ಮಣ್ಣು ತನ್ನ ತಳದಲ್ಲಿ ನೀರನ್ನು ಹಿಡಿದಿಡುತ್ತದೆ, ಕೆಳಗಿನ ಜಲ್ಲಿಗೆ ಸುಲಭವಾಗಿ ಬಿಟ್ಟುಕೊಡುವುದಿಲ್ಲ. ಜಲ್ಲಿ ಹಾಕಿದರೆ ಆ ಒದ್ದೆ ಪದರ ಮೇಲಕ್ಕೆ, ಬೇರಿನ ಹತ್ತಿರಕ್ಕೆ ಬರುತ್ತದೆ, ಅಷ್ಟೇ. ತೂತಿನ ಮೇಲೆ ಒಂದು ಬಲೆಯ ತುಂಡು ಇಟ್ಟು ಬುಡದಿಂದಲೇ ಮಿಶ್ರಣ ತುಂಬಿ. ನೀರು ಹಾಕುವಾಗ ತೂತಿನಿಂದ ಹೊರಬರುವಷ್ಟು ಹಾಕಿ, ಅರ್ಧ ಗಂಟೆಯ ನಂತರ ತಟ್ಟೆಯಲ್ಲಿ ನಿಂತದ್ದನ್ನು ಚೆಲ್ಲಿ. ಮತ್ತೆ ಹಾಕುವುದು ಬೆರಳಿಗೆ ಒಣ ಅನ್ನಿಸಿದಾಗ ಮಾತ್ರ.

ಪ್ರಶ್ನೆ: ಗುಲಾಬಿಯ ಚಿಗುರೆಲೆಗಳು ಹಳದಿಯಾಗಿವೆ, ನರಗಳು ಮಾತ್ರ ಹಸಿರಾಗಿವೆ. ಸಗಣಿ ಗೊಬ್ಬರ, ಎಪ್ಸಮ್ ಸಾಲ್ಟ್ ಎರಡೂ ಹಾಕಿದೆ, ಬದಲಾಗಲಿಲ್ಲ.

ನರ ಹಸಿರು, ನಡುವೆ ಹಳದಿ, ಅದೂ ಹೊಸ ಎಲೆಯಲ್ಲಿ ಎಂದರೆ ಅದು ಕಬ್ಬಿಣದ ಕೊರತೆ. ಇಷ್ಟು ಸ್ಪಷ್ಟವಾಗಿ ಬರೆದು ಕೇಳಿದ್ದರಿಂದ ಉತ್ತರಿಸುವುದು ಸುಲಭವಾಯಿತು.

ಸಾರಜನಕ ಮತ್ತು ಮೆಗ್ನೀಸಿಯಂ ಗಿಡದೊಳಗೆ ಓಡಾಡುವ ಪೋಷಕಾಂಶಗಳು. ಕೊರತೆಯಾದಾಗ ಗಿಡ ಹಳೆಯ ಎಲೆಯಿಂದ ಅವನ್ನು ಕಿತ್ತು ಚಿಗುರಿಗೆ ಕಳಿಸುತ್ತದೆ. ಹಾಗಾಗಿ ಕೆಳಗಿನ ಎಲೆ ಮೊದಲು ಹಳದಿಯಾಗುತ್ತದೆ. ಎಲೆಯಿಡೀ ಒಂದೇ ಸಮ ಪೇಲವವಾದರೆ ಸಾರಜನಕ, ನರಗಳ ನಡುವೆ ಮಾತ್ರ ಹಳದಿಯಾದರೆ ಮೆಗ್ನೀಸಿಯಂ. ಕಬ್ಬಿಣ ಹಾಗೆ ಸರಿದಾಡುವುದಿಲ್ಲ. ಹಳೆಯ ಎಲೆಯಲ್ಲಿದ್ದದ್ದು ಅಲ್ಲೇ ಉಳಿಯುತ್ತದೆ, ಪೆಟ್ಟು ಚಿಗುರಿಗೆ ಬೀಳುತ್ತದೆ. ಎಪ್ಸಮ್ ಸಾಲ್ಟ್ ಎಂದರೆ ಮೆಗ್ನೀಸಿಯಂ ಸಲ್ಫೇಟ್. ಹಳೆಯ ಎಲೆಯ ತೊಂದರೆಗೆ ಅದು ಸರಿ, ನಿಮ್ಮ ಗಿಡಕ್ಕೆ ಬೇಕಾದ್ದು ಅದಲ್ಲ.

ಮಣ್ಣಿನಲ್ಲಿ ಕಬ್ಬಿಣ ಇಲ್ಲವೆಂದೇನೂ ಅಲ್ಲ, ಬಹಳಷ್ಟು ಸಲ ಇದ್ದೂ ಸಿಗುವುದಿಲ್ಲ. ಗಡಸು ನೀರನ್ನು ತಿಂಗಳುಗಟ್ಟಲೆ ಹಾಕುತ್ತಾ ಬಂದರೆ ಕುಂಡದ ಮಣ್ಣು ಕ್ಷಾರೀಯವಾಗುತ್ತದೆ. ಪಿಎಚ್ (ಆಮ್ಲ-ಕ್ಷಾರದ ಅಳತೆ) 7.5 ದಾಟಿದರೆ ಕಬ್ಬಿಣ ಕರಗದ ರೂಪಕ್ಕೆ ತಿರುಗುತ್ತದೆ. ಕುಂಡದ ಅಂಚಿನಲ್ಲಿ, ಮಣ್ಣಿನ ಮೇಲೆ ಬಿಳಿ ಪುಡಿಯಂಥ ಕರೆ ಕಟ್ಟಿದ್ದರೆ ಅನುಮಾನವೇ ಬೇಡ. ಇನ್ನೊಂದು ಕಾರಣ ಮತ್ತೆ ಅದೇ ಅತಿ ತೇವ. ಉಸಿರುಗಟ್ಟಿದ ಬೇರು ಕಬ್ಬಿಣ ಹೀರಲಾರದು. ಮೊದಲು ಅದನ್ನು ಖಾತ್ರಿ ಮಾಡಿಕೊಳ್ಳಿ.

ತಕ್ಷಣದ ಉಪಶಮನಕ್ಕೆ ಒಂದು ಲೀಟರ್ ನೀರಿಗೆ 1 ಗ್ರಾಂ ಸಿಟ್ರಿಕ್ ಆಮ್ಲ ಕರಗಿಸಿ, ಆಮೇಲೆ 2–3 ಗ್ರಾಂ ಫೆರಸ್ ಸಲ್ಫೇಟ್ ಬೆರೆಸಿ, ಕೂಡಲೇ ಸಂಜೆ ಹೊತ್ತು ಚಿಗುರಿಗೆ ಸಿಂಪಡಿಸಿ. ಇಟ್ಟು ಬಳಸಬೇಡಿ. ದ್ರಾವಣ ಕಂದುಬಣ್ಣಕ್ಕೆ ತಿರುಗಿದರೆ ಕಬ್ಬಿಣ ಆಕ್ಸೀಕರಣಗೊಂಡಿದೆ, ಪ್ರಯೋಜನವಿಲ್ಲ. ಹತ್ತು ದಿನಕ್ಕೊಮ್ಮೆಯಂತೆ ಎರಡು ಮೂರು ಸಲ ಸಾಕು. ನೆಲ, ಗೋಡೆಗೆ ಬಿದ್ದರೆ ತುಕ್ಕಿನ ಕಲೆ ಉಳಿಯುತ್ತದೆ, ಕುಂಡವನ್ನು ಸರಿಸಿಟ್ಟುಕೊಂಡು ಮಾಡಿ. ಮಣ್ಣಿಗೇ ಹಾಕುವುದಾದರೆ ಚೀಲೇಟ್ ರೂಪದ, ಅಂದರೆ ಮಣ್ಣಿನಲ್ಲಿ ಕರಗಿದ ಸ್ಥಿತಿಯಲ್ಲೇ ಉಳಿಯುವಂತೆ ಬೇರೊಂದು ಸಂಯುಕ್ತದೊಂದಿಗೆ ಕಟ್ಟಿದ ಕಬ್ಬಿಣ ಬೇಕು. ಅದರಲ್ಲೂ ಪೊಟ್ಟಣದ ಮೇಲೆ ಇಡಿಡಿಎಚ್‌ಎ ಎಂದಿರುವುದನ್ನೇ ಆರಿಸಿ. ಇಡಿಟಿಎ ಎಂದಿರುವುದು ಕ್ಷಾರೀಯ ಮಣ್ಣಿನಲ್ಲಿ ನಿಲ್ಲುವುದಿಲ್ಲ.

ಕಾಯಂ ಪರಿಹಾರಕ್ಕೆ ಸಾಧ್ಯವಾದಾಗಲೆಲ್ಲ ಮಳೆನೀರು ಹಾಕಿ. ಎರಡು ಮೂರು ತಿಂಗಳಿಗೊಮ್ಮೆ ಕುಂಡದ ಗಾತ್ರದ ಎರಡರಷ್ಟು ನೀರನ್ನು ನಿಧಾನವಾಗಿ ಹರಿಸಿ ಕೂತ ಲವಣ ತೊಳೆದುಹೋಗಲು ಬಿಡಿ. ಈಗಾಗಲೇ ತೀರಾ ಹಳದಿಯಾದ ಎಲೆ ಮತ್ತೆ ಪೂರ್ತಿ ಹಸಿರಾಗಲಿಕ್ಕಿಲ್ಲ. ಮುಂದೆ ಬರುವ ಚಿಗುರಿನ ಬಣ್ಣ ನೋಡಿ ಫಲಿತಾಂಶ ಅಳೆಯಿರಿ.

ಪ್ರಶ್ನೆ: ಗುಲಾಬಿಯನ್ನು ಸವರಿದ ಮೇಲೆ ಬುಡದಿಂದ ಒಂದು ಕೊಂಬೆ ಭರದಿಂದ ಬೆಳೆದಿದೆ, ಆದರೆ ಹೂ ಇಲ್ಲ. ಇಟ್ಟುಕೊಳ್ಳಲೇ?

ಅದು ಎಲ್ಲಿಂದ ಹುಟ್ಟಿದೆ ಎಂಬುದರ ಮೇಲೆ ನಿರ್ಧಾರ. ಹೆಚ್ಚಿನ ಗುಲಾಬಿ ಗಿಡಗಳು ಕಾಡು ಜಾತಿಯ ಬೇರುಗಿಡದ ಮೇಲೆ ಕಸಿ ಕಟ್ಟಿದವು. ಬುಡದಲ್ಲಿ ಗಂಟಿನಂತೆ ಉಬ್ಬಿದ ಕಸಿಯ ಜಾಗ ಕಾಣುತ್ತದೆ. ಮಣ್ಣು ಸರಿಸಿ ಕೊಂಬೆಯ ಮೂಲ ಹುಡುಕಿ. ಗಂಟಿನ ಕೆಳಗಿಂದ ಬಂದಿದ್ದರೆ ಅದು ಬೇರುಗಿಡದ ಕುಡಿ. ಬಿಟ್ಟರೆ ಕಸಿಯ ಭಾಗವನ್ನೇ ಸೊರಗಿಸುತ್ತದೆ. ಕತ್ತರಿಸಿದರೆ ಬುಡದ ಸುಪ್ತ ಕಣ್ಣುಗಳಿಂದ (ಚಿಗುರೊಡೆಯುವ ಜಾಗಗಳಿಂದ) ಮತ್ತೆ ನಾಲ್ಕು ಏಳುತ್ತವೆ. ದಪ್ಪ ಕೈಗವಸು ತೊಟ್ಟು, ಹುಟ್ಟಿದ ಜಾಗದಿಂದಲೇ ಕೆಳಮುಖವಾಗಿ ಕಿತ್ತು ತೆಗೆಯಿರಿ.

ಏಳು ಎಲೆದಳ ಇದ್ದರೆ ಕಾಡು, ಐದಿದ್ದರೆ ಕಸಿ ಎಂಬ ಲೆಕ್ಕವನ್ನು ನಂಬಬೇಡಿ. ಒಳ್ಳೆಯ ಎಷ್ಟೋ ತಳಿಗಳಿಗೆ ಏಳು ದಳ ಇರುತ್ತದೆ. ಗಂಟಿನ ಮೇಲಿಂದ ಬಂದ ಕೊಂಬೆಯಾದರೆ ಅದು ಗಿಡದ ಮುಂದಿನ ಆಸ್ತಿ, ಮುಟ್ಟಬೇಡಿ. ಸವರುವಾಗ ಹೊರಮುಖವಾದ ಕಣ್ಣಿನ ಮೇಲೆ ಸುಮಾರು 5 ಮಿ.ಮೀ. ಬಿಟ್ಟು, ಕಣ್ಣಿನ ವಿರುದ್ಧ ದಿಕ್ಕಿಗೆ ಇಳಿಜಾರಾಗಿ ಕತ್ತರಿಸಿ. ಹೆಚ್ಚು ಬಿಟ್ಟರೆ ಆ ತುಂಡು ಒಣಗಿ ಕೆಳಗೆ ಇಳಿಯುತ್ತದೆ.

ಪ್ರಶ್ನೆ: ದಾಸವಾಳದ ಕುಡಿಯಲ್ಲಿ ಹತ್ತಿಯಂಥ ಬಿಳಿ ಹುಳು. ಬೇವಿನ ಎಣ್ಣೆ ಹೊಡೆದರೆ ಒಂದು ವಾರ ಇರುವುದಿಲ್ಲ, ಮತ್ತೆ ಬರುತ್ತದೆ.

ಇದು ಹಿಟ್ಟು ತಿಗಣೆ. ಒಂದೇ ಸಲ ಹೊಡೆದು ನಿಲ್ಲಿಸಿದ್ದರಿಂದ ಮರಳಿ ಬರುತ್ತಿದೆ. ಹೆಣ್ಣು ಹುಳು ಹತ್ತಿಯಂಥ ಚೀಲದೊಳಗೆ ನೂರಾರು ಮೊಟ್ಟೆಯಿಡುತ್ತದೆ. ಆ ಮೇಣದ ಹೊದಿಕೆಯೊಳಗೆ ಸಿಂಪಡಣೆ ಇಳಿಯುವುದಿಲ್ಲ. ಮೊಟ್ಟೆಯಿಂದ ಹೊರಬಂದ ಮರಿಗೆ ಇನ್ನೂ ಮೇಣ ಕೂತಿರುವುದಿಲ್ಲ, ಆಗ ಮಾತ್ರ ಅದು ಸುಲಭವಾಗಿ ಸಾಯುತ್ತದೆ. ಆದ್ದರಿಂದ 7 ದಿನಕ್ಕೊಮ್ಮೆಯಂತೆ ಕನಿಷ್ಠ ಮೂರು ಸಲ, ಹುಳು ಕಾಣದಿದ್ದರೂ, ಹೊಡೆಯಲೇಬೇಕು.

ಮೊದಲು ಹೆಚ್ಚು ಮುತ್ತಿದ ಕುಡಿಗಳನ್ನು ಕತ್ತರಿಸಿ ಚೀಲದಲ್ಲಿ ಕಟ್ಟಿ ಎಸೆಯಿರಿ. ಉಳಿದ ಗಿಡವನ್ನು ಪೈಪಿನ ರಭಸದ ನೀರಿನಿಂದ ತೊಳೆಯಿರಿ, ಎಲೆಯ ಕೆಳಭಾಗ ಮತ್ತು ಎಲೆ ಕಾಂಡ ಸೇರುವ ಸಂದನ್ನು ಬಿಡದಂತೆ. ಆಮೇಲೆ ಸಿಂಪಡಣೆ: 5 ಮಿ.ಲೀ. ಬೇವಿನ ಎಣ್ಣೆಗೆ 1–2 ಮಿ.ಲೀ. ಸೌಮ್ಯ ದ್ರವ ಸೋಪು ಸೇರಿಸಿ, ಸ್ವಲ್ಪ ಉಗುರುಬೆಚ್ಚಗಿನ ನೀರಿನಲ್ಲಿ ಹಾಲಿನಂತಾಗುವವರೆಗೆ ಕಲಕಿ ಒಂದು ಲೀಟರ್ ಮಾಡಿಕೊಳ್ಳಿ. ಎಣ್ಣೆಯನ್ನು ನೇರ ತಣ್ಣೀರಿಗೆ ಹಾಕಿದರೆ ಅದು ಮೇಲೆ ತೇಲುತ್ತದೆ. ಕೆಲವು ಎಲೆಗೆ ಬರೀ ನೀರು, ಕೆಲವಕ್ಕೆ ಬರೀ ಎಣ್ಣೆ ಬಿದ್ದು ಸುಡುತ್ತದೆ. ಬಿಸಿಲು ಇಳಿದ ಮೇಲೆ ಹೊಡೆಯಿರಿ, ಬೆರೆಸಿದ್ದನ್ನು ಅಂದೇ ಮುಗಿಸಿ. ನಾಲ್ಕಾರು ಹುಳು ಮಾತ್ರ ಇದ್ದರೆ 70% ಆಲ್ಕೋಹಾಲ್‌ನಲ್ಲಿ ಅದ್ದಿದ ಹತ್ತಿಯಿಂದ ಒಂದೊಂದನ್ನೇ ಒರೆಸುವುದು ಸಾಕು.

ಇರುವೆಗಳನ್ನು ಮರೆಯಬೇಡಿ. ತಿಗಣೆ ಸ್ರವಿಸುವ ಸಿಹಿ ಅಂಟಿಗಾಗಿ ಅವು ಶತ್ರುಕೀಟಗಳನ್ನು ಓಡಿಸಿ ತಿಗಣೆಯನ್ನು ಕಾಯುತ್ತವೆ, ಹೊಸ ಕೊಂಬೆಗೆ ಹೊತ್ತೂ ಒಯ್ಯುತ್ತವೆ. ಕಾಂಡಕ್ಕೆ ಒಂದು ಪಟ್ಟಿ ಟೇಪು ಸುತ್ತಿ ಅದರ ಮೇಲೆ ಗ್ರೀಸ್ ಹಚ್ಚಿ, ತೊಗಟೆಗೆ ನೇರವಾಗಿ ಹಚ್ಚಬೇಡಿ. ಎಲೆ ಗೋಡೆಗೆ ತಾಗುತ್ತಿದ್ದರೆ ಆ ದಾರಿಯನ್ನೂ ಮುಚ್ಚಿ. ಸಾರಜನಕ ಹೆಚ್ಚಿರುವ ಗೊಬ್ಬರವನ್ನು ಕೆಲಕಾಲ ನಿಲ್ಲಿಸಿ, ಮೆತ್ತನೆಯ ರಸಭರಿತ ಕುಡಿಯೇ ಇವಕ್ಕೆ ಆಹ್ವಾನ.

ಪ್ರಶ್ನೆ: ದಾಸವಾಳದ ಮೊಗ್ಗು ಅರಳುವ ಮೊದಲೇ ಹಳದಿಯಾಗಿ ಬೀಳುತ್ತದೆ, ಹುಳು ಕಾಣುವುದಿಲ್ಲ.

ಬಿದ್ದ ಮೊಗ್ಗನ್ನು ಬಿಳಿ ಕಾಗದದ ಮೇಲೆ ಬಿಡಿಸಿ ನೋಡಿ. ಸಣ್ಣ, ತೆಳ್ಳಗಿನ, ಓಡುವ ಕೀಟ ಕಂಡರೆ ಥ್ರಿಪ್ಸ್. ಮೊಗ್ಗಿನ ಬುಡದಲ್ಲಿ ಸಣ್ಣ ಬಿಳಿ ಅಥವಾ ಹಳದಿ ಹುಳು ಕಂಡರೆ ಅದು ಮೊಗ್ಗಿನ ನೊಣದ ಮರಿ. ಅದು ಮಣ್ಣಿಗಿಳಿದು ಕೋಶವಾಗುತ್ತದೆ, ಆದ್ದರಿಂದ ಬಿದ್ದ ಮೊಗ್ಗುಗಳನ್ನೂ ಹಳದಿಯಾದವನ್ನೂ ದಿನಾ ಆರಿಸಿ ಚೀಲದಲ್ಲಿ ಬಿಗಿದು ಎಸೆಯುವುದೇ ಎಲ್ಲ ಔಷಧಕ್ಕಿಂತ ಮೇಲು. ಏನೂ ಕಾಣದಿದ್ದರೆ ಒಮ್ಮೆ ಬತ್ತಿ ಒಮ್ಮೆ ತುಂಬುವ ನೀರು, ತೀವ್ರ ಸೆಕೆ, ಅಥವಾ ಕುಂಡದ ಜಾಗ ಬದಲಿಸಿದ್ದು ಕಾರಣವಾಗಿರುತ್ತದೆ.

ಪ್ರಶ್ನೆ: ಮೆಣಸಿನ ಗಿಡದ ಎಲೆ ಮುದುಡಿದೆ. ಯಾವ ಔಷಧ?

ಮುದುಡಿದ ದಿಕ್ಕು ಹೇಳಿದರೆ ಔಷಧ ಹೇಳಬಹುದು. ಅಂಚು ಮೇಲಕ್ಕೆ ಮಡಚಿ ಎಲೆ ದೋಣಿಯಂತಾಗಿದ್ದರೆ ಥ್ರಿಪ್ಸ್. ಅಂಚು ಕೆಳಕ್ಕೆ ಮಡಚಿ, ಎಲೆ ಕಿರಿದಾಗಿ, ತೊಟ್ಟು ಉದ್ದವಾಗಿದ್ದರೆ ಹಳದಿ ನುಸಿ. ಅದು ಬರಿಗಣ್ಣಿಗೆ ಕಾಣದಷ್ಟು ಚಿಕ್ಕದು. ಥ್ರಿಪ್ಸ್‌ಗೆ ಮೇಲೆ ಹೇಳಿದ ಬೇವಿನ ಮಿಶ್ರಣ, ಜೊತೆಗೆ ನೀಲಿ ಅಂಟುಹಾಳೆ. ನುಸಿ ಕೀಟವಲ್ಲ, ಜೇಡದ ಬಳಗದ್ದು. ಹಲವು ಕೀಟನಾಶಕಗಳು ಅದಕ್ಕೆ ತಾಗುವುದಿಲ್ಲ. ನೀರಿನಲ್ಲಿ ಬೆರೆಯುವ 80% ಗಂಧಕದ ಪುಡಿ ಲೀಟರಿಗೆ 2–3 ಗ್ರಾಂ, ಚಿಗುರಿನ ಅಡಿಭಾಗ ನೆನೆಯುವಂತೆ ಹೊಡೆಯಿರಿ. ಮುಖಗವಸು ಇರಲಿ. ಉಷ್ಣಾಂಶ 32 ಡಿಗ್ರಿ ಸೆಲ್ಸಿಯಸ್ ದಾಟಿದ ದಿನ ಬೇಡ. ಬೇವಿನ ಎಣ್ಣೆಗೂ ಗಂಧಕಕ್ಕೂ ಕನಿಷ್ಠ ಎರಡು ವಾರದ ಅಂತರವಿರಲಿ, ಎರಡೂ ಸೇರಿದರೆ ಎಲೆ ಸುಟ್ಟುಹೋಗುತ್ತದೆ.

ಎಲೆ ಚಿಕ್ಕದಾಗಿ, ಗೊಂಚಲುಗಟ್ಟಿ, ನರ ದಪ್ಪಗಾಗಿ ಗಿಡ ಗಿಡ್ಡವಾಗಿಯೇ ನಿಂತಿದ್ದರೆ ಅದು ಬಿಳಿ ನೊಣ ಹರಡುವ ನಂಜುರೋಗ. ಮದ್ದಿಲ್ಲ. ಪಕ್ಕದ ಗಿಡಗಳಿಗೆ ದಾಟುವ ಮೊದಲು ಕಿತ್ತು ಹಾಕಿ.

ಪ್ರಶ್ನೆ: ಟೊಮೆಟೊ ಕಾಯಿಯ ತಳ ಕಪ್ಪಾಗಿ ಒಣಗುತ್ತಿದೆ. ಮೊಟ್ಟೆ ಚಿಪ್ಪಿನ ಪುಡಿ ಹಾಕಿದ್ದೇನೆ.

ಕಾಯಿಗೆ ಸುಣ್ಣದಂಶ (ಕ್ಯಾಲ್ಸಿಯಂ) ಸಿಗುತ್ತಿಲ್ಲ ಎಂಬ ನಿಮ್ಮ ಊಹೆ ಸರಿ, ಚಿಪ್ಪು ಮಾತ್ರ ಕೆಲಸಕ್ಕೆ ಬಾರದು. ಅದು ಕರಗಲು ತಿಂಗಳುಗಳೇ ಬೇಕು, ಕ್ಷಾರೀಯ ಮಣ್ಣಿನಲ್ಲಿ ಕರಗುವುದೇ ಕಷ್ಟ. ಮಣ್ಣಿನಲ್ಲಿ ಕ್ಯಾಲ್ಸಿಯಂ ಸಾಮಾನ್ಯವಾಗಿ ಇರುತ್ತದೆ. ಅದು ನೀರಿನ ಜೊತೆ ಮಾತ್ರ ಮೇಲೇರುತ್ತದೆ, ನೀರನ್ನು ಹೆಚ್ಚು ಎಳೆಯುವುದು ಎಲೆ. ಮಣ್ಣು ಒಮ್ಮೆ ಒಣಗಿ ಒಮ್ಮೆ ನೆನೆದರೆ ಕಾಯಿಯ ತುದಿಗೆ ಅದು ತಲುಪುವುದೇ ಇಲ್ಲ. ಎಲೆಗೆ ಸಿಂಪಡಿಸಿದ ಕ್ಯಾಲ್ಸಿಯಂ ಕಾಯಿಗೆ ಇಳಿಯುವುದೂ ಇಲ್ಲ. ಒಂದು ಗಿಡಕ್ಕೆ 20 ಲೀಟರ್ ಕುಂಡ, ಬುಡಕ್ಕೆ 5 ಸೆಂ.ಮೀ. ದಪ್ಪ ಒಣ ಎಲೆಯ ಹೊದಿಕೆ, ಏರುಪೇರಿಲ್ಲದ ನೀರು ಕೊಡಿ. ಯೂರಿಯಾದಂಥ ಸಾರಜನಕ ಗೊಬ್ಬರ ನಿಲ್ಲಿಸಿ. ಕಪ್ಪಾದ ಕಾಯಿಗಳನ್ನು ಕಿತ್ತುಹಾಕಿ, ಮುಂದಿನ ಗೊಂಚಲು ಬಹುಮಟ್ಟಿಗೆ ಸರಿಯಾಗಿ ಬರುತ್ತದೆ.

ಪ್ರಶ್ನೆ: ಮಲ್ಲಿಗೆ ಬಳ್ಳಿ ಹಚ್ಚಗೆ ಹಬ್ಬಿದೆ, ಹೂ ಮಾತ್ರ ಇಲ್ಲ.

ಬಿಸಿಲು ಎಷ್ಟು ಗಂಟೆ ಬೀಳುತ್ತದೆ ಎಣಿಸಿ. ಆರು ಗಂಟೆಗಿಂತ ಕಡಿಮೆಯಿದ್ದರೆ ಮೊದಲು ಜಾಗ ಬದಲಿಸಿ. ಬಿಸಿಲು ಸಾಕಷ್ಟಿದ್ದರೆ ಸಾರಜನಕ ಹೆಚ್ಚಾಗಿದೆ, ಎರಡು ತಿಂಗಳು ಗೊಬ್ಬರ ನಿಲ್ಲಿಸಿ. ಮಲ್ಲಿಗೆ ಹೂ ಬಿಡುವುದು ಹೊಸ ಕುಡಿಯ ತುದಿಯಲ್ಲಿ. ಹೂವಿನ ಕಾಲ ಶುರುವಾಗುವ ಮುಂಚೆ ಬಳ್ಳಿಯನ್ನು ಮೂರನೇ ಒಂದು ಭಾಗ ಸವರಿ, ಒಣಗಿದ ಮತ್ತು ಒಳಗೆ ಹೆಣೆದುಕೊಂಡ ಕೊಂಬೆಗಳನ್ನು ತೆಗೆದು, ಹೊಸ ಕುಡಿ ಕಂಡ ಮೇಲೆ ಪೊಟ್ಯಾಷ್ ಹೆಚ್ಚಿರುವ ಗೊಬ್ಬರವನ್ನು ಪೊಟ್ಟಣದಲ್ಲಿ ಹೇಳಿದ್ದರ ಅರ್ಧ ಪ್ರಮಾಣದಲ್ಲಿ ಹದಿನೈದು ದಿನಕ್ಕೊಮ್ಮೆ ಕೊಡಿ. ಮೊಗ್ಗು ಕಚ್ಚಿದ ಮೇಲೆ ಕತ್ತರಿ ಮುಟ್ಟಿಸಬೇಡಿ.