ಅಮ್ಮನ ಜೊತೆ 3 ದಿನ, ಹಾಸನದಲ್ಲೇ ರೂಮ್ ಮಾಡಿ

ಅಮ್ಮನಿಗೆ ಮಂಡಿನೋವು, ಇಬ್ಬರಿಗೂ ಹಳೇ ದೇವಸ್ಥಾನ ಇಷ್ಟ, ಹಾಸನ-ಚಿಕ್ಕಮಗಳೂರು ಕಡೆ ಸುತ್ತಲು ಕೈಯಲ್ಲಿ 3 ದಿನ, 10 ಸಾವಿರ ಅಂದಿದ್ದೀರಿ. ಹಾಗಾದರೆ ಮುಳ್ಳಯ್ಯನಗಿರಿ ಬೆಟ್ಟ ಬಿಟ್ಟುಬಿಡಿ. ಶ್ರವಣಬೆಳಗೊಳವೂ ಬೇಡ, 600ಕ್ಕೂ ಜಾಸ್ತಿ ಮೆಟ್ಟಿಲು.

ಹಾಸನ ಬಸ್ ಸ್ಟ್ಯಾಂಡ್ ಹತ್ತಿರ ಎರಡು ರಾತ್ರಿಗೆ ರೂಮ್ ಮಾಡಿ. ರೆಸಾರ್ಟ್ ಸಹವಾಸ ಬೇಡ, ದುಡ್ಡೆಲ್ಲ ಅಲ್ಲೇ ಕರಗುತ್ತದೆ. ಮೊದಲ ದಿನ ಬೇಲೂರು ಮಾತ್ರ. ಸುಮಾರು 40 ಕಿ.ಮೀ., ಬಸ್ಸಲ್ಲೇ ಹೋಗಿ. ಅಮ್ಮ ಕರ್ನಾಟಕದವರೇ ಅಲ್ವಾ? ಆಧಾರ್ ಇಟ್ಟುಕೊಳ್ಳಲಿ, ಸಾಮಾನ್ಯ ಸರ್ಕಾರಿ ಬಸ್ಸಲ್ಲಿ ಶಕ್ತಿ ಯೋಜನೆಯ ಉಚಿತ ಟಿಕೆಟ್ ಸಿಗುತ್ತದೆ. ಮಧ್ಯಾಹ್ನ ಅಂಗಳದ ಕಲ್ಲು ಕಾದ ಹೆಂಚು. ಕಾಲುಚೀಲ ಮರೆಯಬೇಡಿ. ನಮ್ಮಮ್ಮ ಒಮ್ಮೆ ನೆರಳಿಂದ ನೆರಳಿಗೆ ಓಡಿದ್ದು ಇನ್ನೂ ಕಣ್ಣಿಗೆ ಕಟ್ಟಿದೆ, ಆ ಮಂಡಿನೋವಿನಲ್ಲೂ!

ಎರಡನೇ ದಿನಕ್ಕೆ ಮಾತ್ರ ಕಾರು ಮಾಡಿ. ಹಳೇಬೀಡು ಬೆಳಿಗ್ಗೆಯೇ ಮುಗಿಸಿ ಬೆಳವಾಡಿಯ ವೀರನಾರಾಯಣ ಗುಡಿಗೆ ಹೋಗಿ. ನನಗೆ ಬೇಲೂರಿಗಿಂತ ಇದೇ ಇಷ್ಟ. ಗದ್ದಲ ಕಡಿಮೆ. ಬಾಗಿಲಲ್ಲಿ ಎರಡು ಕಲ್ಲಾನೆ, ಒಳಗೆ ಸಾಲುಸಾಲು ಕಂಬ. ಕೆಲವು ಎಷ್ಟು ನುಣುಪು ಅಂದರೆ ಹತ್ತಿರ ನಿಂತರೆ ನಿಮ್ಮ ಪ್ರತಿಬಿಂಬ ಕಾಣುತ್ತದೆ. ಅಲ್ಲಿ ಸುಮ್ನೆ ಒಂದು ಗಂಟೆ ಕೂತುಬಿಡಿ.

ಮೂರನೇ ದಿನ ದೊಡ್ಡಗದ್ದವಳ್ಳಿ, ಕೆರೆ ಪಕ್ಕದ ನಾಲ್ಕು ಗರ್ಭಗುಡಿಯ ಲಕ್ಷ್ಮಿ ಗುಡಿ. ನೋಡಿ ಊಟದ ಹೊತ್ತಿಗೆ ಹಾಸನಕ್ಕೆ ವಾಪಸ್ ಬರಬಹುದು. ಭಾನುವಾರ ಮಾತ್ರ ಬೇಲೂರಿಗೆ ಇಟ್ಟುಕೊಳ್ಳಬೇಡಿ.